ಮಾಳಿಗೆಯ ಮೇಲೆ ಮಲಗಿ ವಿಮಾನಗಳ ನಡುವಿನ ಅಂತರ ತಿಳಿಯುವುದು ಹೇಗೆ

ಹೋದ ಡಿಸೆಂಬರಿನ ಒಂದು ಸಂಜೆ ಪಕ್ಕದ ಮನೆಯ ಹುಡುಗ ಮೊಬೈಲು ಹಿಡಿದುಕೊಂಡು ಓಡಿ ಬಂದ. "ಕಾಕಾ, ಇಲ್ಲಿ ನೋಡ್ರಿ, ಎರಡು ವಿಮಾನ ಡಿಕ್ಕಿ ಹೊಡೀತಿದ್ವು. ಸ್ವಲ್ಪದಾಗ ತಪ್ಪ್ಯಾವ." ವಿಡಿಯೊದಲ್ಲಿ ಒಂದು ಬಿಳಿ ಗೆರೆ ಇನ್ನೊಂದು ಬಿಳಿ ಗೆರೆಯನ್ನು ಕತ್ತರಿಸಿಕೊಂಡು ಹೋಗುತ್ತಿತ್ತು. ಎರಡರ ತುದಿಗಳು ಕೂಡಿದ ಹಾಗೆ ಕಂಡು ಬೇರೆಯಾದವು. ಅಷ್ಟರಲ್ಲಿ ಅದು ಓಣಿಯ ವಾಟ್ಸಾಪ್ ಗುಂಪಿಗೂ ಹೋಗಿತ್ತು.

ಅವನು ನನ್ನ ಹತ್ತಿರವೇ ಬರಲು ಕಾರಣವಿದೆ. 1993ರಿಂದ 2013ರವರೆಗೆ ನಾನು ವಾಯುಪಡೆಯಲ್ಲಿ ಆಪರೇಷನ್ಸ್ ಅಸಿಸ್ಟೆಂಟ್ ಆಗಿದ್ದೆ. ಕಂಟ್ರೋಲ್ ಟವರಿನಲ್ಲಿ ಅಧಿಕಾರಿಯ ಪಕ್ಕ ಕೂತು, ಪ್ರತಿ ವಿಮಾನಕ್ಕೂ ಒಂದು ಕಾಗದದ ಪಟ್ಟಿ ಮಾಡಿ, ಅದರ ಮೇಲೆ ಎತ್ತರ, ವೇಳೆ, ದಿಕ್ಕು ಬರೆಯುವುದು ನನ್ನ ಕೆಲಸ. ಈಗ ಸಿಂಧನೂರಿನ ಹತ್ತಿರ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತೇನೆ. ಆ ಹುಡುಗನಿಗೆ ನಾಲ್ಕೈದು ಸಂಜೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನ ಅಂಜಿಕೆಯಲ್ಲಿ ತಪ್ಪೇನಿಲ್ಲ. ಕೆಳಗಿನಿಂದ ನೋಡುವ ಯಾರ ಕಣ್ಣಿಗೂ ಅದು ಹಾಗೆಯೇ ಕಾಣುತ್ತದೆ.

ಮೊದಲು ಒಂದು ನಕ್ಷೆ, ಒಂದು ಸ್ಕೇಲು ತೆಗೆದುಕೊಳ್ಳಿ. ಚೆನ್ನೈಯಿಂದ ಮುಂಬೈಗೆ ನೇರ ಗೆರೆ ಎಳೆದರೆ ಅದು ಹೆಚ್ಚೂಕಡಿಮೆ ಸಿಂಧನೂರಿನ ನೆತ್ತಿಯ ಮೇಲೆ ಹಾಯುತ್ತದೆ. ಹೈದರಾಬಾದಿನಿಂದ ಗೋವಾಕ್ಕೆ ಇನ್ನೊಂದು ಗೆರೆ ಎಳೆಯಿರಿ, ಅದು ಮೊದಲಿನದನ್ನು ನಾರಾಯಣಪುರ ಜಲಾಶಯದ ಆಸುಪಾಸಿನಲ್ಲಿ ಕತ್ತರಿಸುತ್ತದೆ. ಬೆಂಗಳೂರು–ದೆಹಲಿ ಗೆರೆ ರಾಯಚೂರಿನ ಪೂರ್ವಕ್ಕೆ ಹಾಯುತ್ತದೆ. ನಿಜವಾದ ವಾಯುಮಾರ್ಗಗಳು ಈ ಗೆರೆಗಳಿಂದ ಆಚೀಚೆ ಸರಿದಿರುತ್ತವೆ, ಆದರೂ ಲೆಕ್ಕ ಹಿಡಿಯಲು ಇಷ್ಟು ಸಾಕು. ನಮ್ಮ ಊರಿನಲ್ಲಿ ವಿಮಾನ ಇಳಿಯುವುದಿಲ್ಲ ನಿಜ, ಆದರೆ ತಲೆಯ ಮೇಲೆ ದೊಡ್ಡ ಚೌಕವೇ ಇದೆ.

ಈಗ ಮಾಳಿಗೆ ಹತ್ತಿ ಹೊರಸು ಹಾಕಿಕೊಳ್ಳಿ. ನಿಂತು ನೋಡಿದರೆ ಐದು ನಿಮಿಷಕ್ಕೆ ಕುತ್ತಿಗೆ ಹಿಡಿಯುತ್ತದೆ. ತಲೆ ದಕ್ಷಿಣಕ್ಕೆ, ಕಾಲು ಉತ್ತರಕ್ಕೆ ಇರಲಿ. ನಮ್ಮಲ್ಲಿ ಹೇಗೂ ಉತ್ತರಕ್ಕೆ ತಲೆ ಹಾಕಿ ಮಲಗುವುದಿಲ್ಲ. ಹಾಗೆ ಅಂಗಾತ ಮಲಗಿದರೆ ಬಲಗೈ ಕಡೆ ಪೂರ್ವ, ಎಡಗೈ ಕಡೆ ಪಶ್ಚಿಮ. ಡಿಸೆಂಬರಿನಿಂದ ಫೆಬ್ರುವರಿವರೆಗೆ ನಸುಕು, ಇಲ್ಲವೇ ಹೊತ್ತು ಮುಳುಗಿದ ಮೇಲಿನ ಅರ್ಧ ತಾಸು ಒಳ್ಳೆಯ ವೇಳೆ. ಸೂರ್ಯ ಆಕಾಶದಲ್ಲಿದ್ದಾಗ ದುರ್ಬೀನು ಹಿಡಿಯಲೇಬೇಡಿ. ಒಂದು ಕ್ಷಣ ಅದು ಸೂರ್ಯನ ಕಡೆ ತಿರುಗಿದರೂ ಕಣ್ಣು ಹೋಗುತ್ತದೆ.

ಅಳತೆಗೆ ಕೈ ಸಾಕು. ತೋಳು ಪೂರ್ತಿ ಚಾಚಿ ಕಿರುಬೆರಳು ಎತ್ತಿ ಹಿಡಿದರೆ ಅದರ ಅಗಲ ಸುಮಾರು 1 ಡಿಗ್ರಿ. ಮುಷ್ಟಿ ಕಟ್ಟಿದರೆ ಸುಮಾರು 10 ಡಿಗ್ರಿ. ಇದು ಮಕ್ಕಳಿಗೂ ದೊಡ್ಡವರಿಗೂ ಹೆಚ್ಚೂಕಡಿಮೆ ಒಂದೇ, ಯಾಕೆಂದರೆ ಕೈ ಚಿಕ್ಕದಾದರೆ ತೋಳೂ ಗಿಡ್ಡ. ನೆತ್ತಿಯ ಮೇಲೆ 35,000 ಅಡಿಯಲ್ಲಿ, ಅಂದರೆ ಸುಮಾರು 10.7 ಕಿಲೋಮೀಟರ್ ಎತ್ತರದಲ್ಲಿ ಹಾರುವ ಏರ್‌ಬಸ್ 320 ವಿಮಾನದ ಉದ್ದ 37 ಮೀಟರಿನ ಮೇಲೆ ಸ್ವಲ್ಪ. ಅದು ನಿಮ್ಮ ಕಿರುಬೆರಳಿನ ಐದನೇ ಒಂದು ಪಾಲಿನಷ್ಟು ಕಾಣುತ್ತದೆ. ಅದೇ ಎತ್ತರದಲ್ಲಿ ಕಿರುಬೆರಳಿನ ಅಗಲ ಎಂದರೆ ಸುಮಾರು 190 ಮೀಟರ್. ಕಣ್ಣಿಗೆ ಅಂಟಿಕೊಂಡ ಹಾಗೆ ಕಂಡ ಎರಡು ವಿಮಾನಗಳ ನಡುವೆ ಒಂದು ಬೆರಳು ಹಾಯುವಷ್ಟು ಸಂದಿ ಇದ್ದರೂ ಅಲ್ಲಿ ಒಂದು ಗದ್ದೆಬಯಲೇ ಇರುತ್ತದೆ.

ಬೆರಳು ಅಡ್ಡ ಅಂತರವನ್ನು ಹೇಳುತ್ತದೆ. ಎತ್ತರದ ಅಂತರ ಹೇಳಲು ಅದಕ್ಕೆ ಬಾರದು, ಗೊಂದಲ ಹುಟ್ಟುವುದೂ ಅಲ್ಲೇ. ಎದುರುಬದುರು ದಿಕ್ಕಿನ ವಿಮಾನಗಳ ನಡುವೆ ಮೇಲೆ–ಕೆಳಗೆ ಇರಬೇಕಾದ ಅಂತರ 1,000 ಅಡಿ, ಅಂದರೆ ಸುಮಾರು 305 ಮೀಟರ್. ಎಂಟು ಏರ್‌ಬಸ್‌ಗಳನ್ನು ಮೂಗು ಮೇಲೆ ಮಾಡಿ ಒಂದರ ಮೇಲೊಂದು ನಿಲ್ಲಿಸಿದಷ್ಟು. ಆದರೆ ಒಂದು 34,000, ಇನ್ನೊಂದು 35,000 ಅಡಿಯಲ್ಲಿದ್ದರೆ ಕೆಳಗಿನಿಂದ ಅವುಗಳ ಗಾತ್ರದಲ್ಲಿ ಕಾಣುವ ವ್ಯತ್ಯಾಸ ನೂರಕ್ಕೆ ಮೂರು. ಅದನ್ನು ಯಾರ ಕಣ್ಣೂ ಹಿಡಿಯಲಾರದು. ನೆತ್ತಿಯ ಮೇಲೆ ಒಂದು ಇನ್ನೊಂದನ್ನು ದಾಟಿದರೆ ನಮಗೆ ಎರಡೂ ಒಂದೇ ಹಾಳೆಯ ಮೇಲೆ ಓಡಿದ ಹಾಗೆ.

ಇದನ್ನು ದಾಟಲು ಎರಡು ದಾರಿಗಳಿವೆ. ಒಂದು, ನೆತ್ತಿ ಬಿಟ್ಟು ದಿಗಂತದ ಕಡೆ ನೋಡುವುದು. ದಿಗಂತದಿಂದ ಎರಡು ಮುಷ್ಟಿ ಎತ್ತರದಲ್ಲಿ ಕಾಣುವ ವಿಮಾನ ನಿಮ್ಮಿಂದ 30 ಕಿಲೋಮೀಟರಿನ ಮೇಲಿರುತ್ತದೆ. ಅಲ್ಲಿ ಎರಡು ವಿಮಾನ ದಾಟಿದರೆ ನಡುವಿನ 1,000 ಅಡಿ ಹುಣ್ಣಿಮೆ ಚಂದ್ರನ ಅಗಲದಷ್ಟು ಸಂದಿಯಾಗಿ ಎದ್ದು ಕಾಣುತ್ತದೆ. ದೂರದ್ದರಲ್ಲಿ ಕಾಣುವ ಅಂತರ ಹತ್ತಿರದ್ದರಲ್ಲಿ ಕಾಣುವುದಿಲ್ಲ. ಹುಡುಗ ಇದನ್ನು ಮೊದಲು ನಂಬಲಿಲ್ಲ. ಮೂರನೇ ಸಂಜೆ ಮಸ್ಕಿ ಕಡೆಯ ಆಕಾಶದಲ್ಲಿ ತಾನೇ ಕಂಡು ಹೊರಸಿನಿಂದ ಎದ್ದು ಕೂತ.

ಎರಡನೆಯದು ನಾಲ್ಕು ಮುಷ್ಟಿಯ ಲೆಕ್ಕ. ಎರಡು ವಿಮಾನಗಳು ಒಂದೇ ಎತ್ತರದಲ್ಲಿದ್ದರೆ, ರಾಡಾರ್ ನಿಗಾ ಇರುವ ಕಡೆಯೂ ಮಾರ್ಗಮಧ್ಯದಲ್ಲಿ ಅವುಗಳ ನಡುವೆ ಕಮ್ಮಿಯೆಂದರೆ 5 ನಾಟಿಕಲ್ ಮೈಲಿ, ಅಂದರೆ 9 ಕಿಲೋಮೀಟರಿನ ಮೇಲೆ ಅಂತರ ಇರಬೇಕು. ಒಂದು ವಿಮಾನ ನಿಮ್ಮ ನೆತ್ತಿಯ ಮೇಲಿದ್ದಾಗ ಆ 9 ಕಿಲೋಮೀಟರು ನಾಲ್ಕು ಮುಷ್ಟಿಯಷ್ಟು ಕಾಣಬೇಕು. ಆದ್ದರಿಂದ ನಿಯಮ ಪಾಲನೆಯಾಗಿದ್ದರೆ, ನಾಲ್ಕು ಮುಷ್ಟಿಗಿಂತ ಹತ್ತಿರ ಕಾಣುವ ಎರಡು ವಿಮಾನಗಳು ಬೇರೆ ಬೇರೆ ಎತ್ತರದಲ್ಲೇ ಇರುತ್ತವೆ. ಹತ್ತಿರ ಕಂಡಷ್ಟೂ ಮೇಲೆ–ಕೆಳಗೆ ಇವೆ ಅಂತ ತಿಳಿಯಿರಿ.

ಎತ್ತರ ಹಂಚುವುದಕ್ಕೂ ಒಂದು ಕಟ್ಟಳೆ ಇದೆ. ಪೂರ್ವದ ಅರ್ಧಕ್ಕೆ ಹೋಗುವವಕ್ಕೆ ಬೆಸ ಸಾವಿರ: 33,000, 35,000, 37,000. ಪಶ್ಚಿಮದ ಅರ್ಧಕ್ಕೆ ಹೋಗುವವಕ್ಕೆ ಸಮ ಸಾವಿರ: 34,000, 36,000, 38,000. ಚೆನ್ನೈಯಿಂದ ಮುಂಬೈಗೆ ಹೋಗುವುದು ಸಮದಲ್ಲಿ, ಬರುವುದು ಬೆಸದಲ್ಲಿ. 29,000 ಅಡಿಯಿಂದ 41,000 ಅಡಿಯವರೆಗಿನ ಪಟ್ಟಿಯಲ್ಲಿ ಮೊದಲು 2,000 ಅಡಿ ಅಂತರ ಇಡುತ್ತಿದ್ದರು. ಎತ್ತರ ಅಳೆಯುವ ಉಪಕರಣಗಳು ಕರಾರುವಾಕ್ಕಾದ ಮೇಲೆ, ನಮ್ಮ ದೇಶದಲ್ಲಿ 2003ರ ನವೆಂಬರಿನಿಂದ ಅದು 1,000 ಅಡಿಗೆ ಬಂತು.

ರಾತ್ರಿ ನೀರಿನ ಪಾಳಿಗೆ ಹೊಲಕ್ಕೆ ಹೋದಾಗಲೂ ಇದನ್ನು ಅಭ್ಯಾಸ ಮಾಡಬಹುದು. ವಿಮಾನದ ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲ ರೆಕ್ಕೆಗೆ ಹಸಿರು, ಹಿಂದೆ ಬಿಳಿ. ಕೆಂಪು ನಿಮ್ಮ ಬಲಕ್ಕೆ, ಹಸಿರು ಎಡಕ್ಕೆ ಕಂಡರೆ ಅದು ನಿಮ್ಮ ಕಡೆಗೇ ಬರುತ್ತಿದೆ. ಜಾತ್ರೆಯಲ್ಲಿ ಮಾರುವ ಹಸಿರು ಲೇಸರ್ ದೀಪವನ್ನು ಮಾತ್ರ ಯಾವ ವಿಮಾನದ ಕಡೆಗೂ ಹಿಡಿಯಬೇಡಿ. ಇಳಿಯುತ್ತಿರುವ ಪೈಲಟ್‌ನ ಕಣ್ಣು ಅದು ಕೋರೈಸುತ್ತದೆ.

ಮೊಬೈಲಿನಲ್ಲಿ ಫ್ಲೈಟ್‌ರಾಡಾರ್24 ಇಟ್ಟುಕೊಂಡರೆ ನಿಮ್ಮ ಊಹೆಯನ್ನು ತಾಳೆ ನೋಡಬಹುದು. ವಿಮಾನದಲ್ಲಿರುವ ಟ್ರಾನ್ಸ್‌ಪಾಂಡರ್ ತನ್ನ ಗುರುತು, ಜಾಗ, ಎತ್ತರವನ್ನು 1090 ಮೆಗಾಹರ್ಟ್ಸ್‌ನಲ್ಲಿ ಸಾರುತ್ತಿರುತ್ತದೆ. ಅದನ್ನು ಹಿಡಿದು ಆ್ಯಪ್ ತೋರಿಸುತ್ತದೆ. ಪರದೆಯ ಮೇಲೆ ಎರಡು ಗುರುತು ಒಂದರ ಮೇಲೊಂದು ಬಂದರೆ ಗಾಬರಿಯಾಗದೆ ಒಂದೊಂದನ್ನೇ ಒತ್ತಿ ಎತ್ತರ ಓದಿ. ಆ ಎತ್ತರ ನೆಲದಿಂದ ಅಳೆದದ್ದಲ್ಲ. 1013.25 ಹೆಕ್ಟೋಪಾಸ್ಕಲ್ ಎಂಬ ಒಂದೇ ಗಾಳಿಯೊತ್ತಡಕ್ಕೆ ಎಲ್ಲ ಪೈಲಟ್‌ಗಳೂ ಉಪಕರಣ ಹೊಂದಿಸಿಕೊಂಡು ಓದುವ ಎತ್ತರ. ನಿಜದ ಎತ್ತರ ಸ್ವಲ್ಪ ಹೆಚ್ಚುಕಮ್ಮಿ ಇರಬಹುದು. ಊರಿನ ಎಲ್ಲರ ಗಡಿಯಾರವೂ ಐದು ನಿಮಿಷ ಮುಂದಿದ್ದರೆ ಯಾರಿಗೂ ಯಾರೂ ತಪ್ಪುವುದಿಲ್ಲವಲ್ಲ, ಇದೂ ಹಾಗೆ.

ಎತ್ತರ ಗೊತ್ತಾಗದೆ ಬರೀ ಚುಕ್ಕಿ ಕಂಡರೆ ಏನಾಗುತ್ತದೆ ಎನ್ನುವುದನ್ನು ನಮ್ಮ ದೇಶ ಬಹಳ ಬೆಲೆ ತೆತ್ತು ಕಲಿತಿದೆ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಎದ್ದ ಸೌದಿ ಅರೇಬಿಯಾದ ಬೋಯಿಂಗ್ 747ಕ್ಕೂ ದೆಹಲಿಗೆ ಇಳಿಯಲು ಬರುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ 76ಕ್ಕೂ ಡಿಕ್ಕಿಯಾಗಿ 349 ಜನ ಹೋದರು. ಒಬ್ಬರೂ ಉಳಿಯಲಿಲ್ಲ. ಸೌದಿ ವಿಮಾನಕ್ಕೆ ಹೇಳಿದ್ದು 14,000 ಅಡಿ, ಕಜಕ್ ವಿಮಾನಕ್ಕೆ 15,000. ಕಜಕ್ ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಆಗ ದೆಹಲಿಯ ನಿಯಂತ್ರಕರ ಮುಂದಿದ್ದ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಹೊರಸಿನ ಮೇಲೆ ಮಲಗಿದ ನಮಗೆ ಕಾಣುವುದೂ ಅಷ್ಟೇ. ಎತ್ತರಕ್ಕೆ ಅವರು ನಂಬಬೇಕಾಗಿದ್ದದ್ದು ಪೈಲಟ್‌ನ ಬಾಯಿಮಾತನ್ನು. ಅಲ್ಲದೆ ಬರುವವಕ್ಕೂ ಹೋಗುವವಕ್ಕೂ ದಾರಿ ಒಂದೇ ಇತ್ತು. ನ್ಯಾಯಮೂರ್ತಿ ಆರ್.ಸಿ. ಲಹೋಟಿ ಅವರ ತನಿಖೆಯ ನಂತರ ದಾರಿಗಳು ಬೇರೆಯಾದವು, ಎತ್ತರ ತೋರಿಸುವ ರಾಡಾರ್ ಬಂತು, ಡಿಕ್ಕಿ ತಪ್ಪಿಸುವ ಉಪಕರಣ ಕಡ್ಡಾಯವಾಯಿತು. ಆ ರಾತ್ರಿ ನಾನು ಉತ್ತರದ ಒಂದು ನೆಲೆಯಲ್ಲಿದ್ದೆ, ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಸುದ್ದಿ ಬಂದ ಮೇಲೆ ನಮ್ಮ ಮೆಸ್ಸಿನಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆ ಉಪಕರಣದ ಹೆಸರು ಟಿಕ್ಯಾಸ್. ನೆಲದ ಮೇಲಿನ ಯಾರನ್ನೂ ಕೇಳದೆ ಅದು ನೇರ ಪಕ್ಕದ ವಿಮಾನದ ಟ್ರಾನ್ಸ್‌ಪಾಂಡರನ್ನೇ ಮಾತಾಡಿಸುತ್ತದೆ. ದೂರವನ್ನು ಅದು ಹೆಚ್ಚಾಗಿ ಸೆಕೆಂಡಿನಲ್ಲಿ ಲೆಕ್ಕ ಹಾಕುತ್ತದೆ. ತಾಸಿಗೆ 830 ಕಿಲೋಮೀಟರ್ ವೇಗದ ಎರಡು ವಿಮಾನ ಎದುರುಬದುರಾದರೆ ಆ 9 ಕಿಲೋಮೀಟರ್ ಅಂತರ ಕರಗಲು 20 ಸೆಕೆಂಡು ಸಾಕು. ಎತ್ತರದ ಹಾರಾಟದಲ್ಲಿ ಸುಮಾರು 48 ಸೆಕೆಂಡು ಮೊದಲು "ಟ್ರಾಫಿಕ್, ಟ್ರಾಫಿಕ್" ಎಂದು ಕೂಗುತ್ತದೆ. ಸುಮಾರು 35 ಸೆಕೆಂಡು ಉಳಿದಾಗ ಒಂದಕ್ಕೆ "ಕ್ಲೈಂಬ್, ಕ್ಲೈಂಬ್", ಇನ್ನೊಂದಕ್ಕೆ "ಡಿಸೆಂಡ್, ಡಿಸೆಂಡ್" ಎನ್ನುತ್ತದೆ. ಎರಡೂ ಪೆಟ್ಟಿಗೆಗಳು ತಮ್ಮೊಳಗೆ ಮಾತಾಡಿಕೊಂಡು, ಯಾರು ಮೇಲೆ ಯಾರು ಕೆಳಗೆ ಅಂತ ಹಂಚಿಕೊಂಡಿರುತ್ತವೆ. ಆಗ ಕಂಟ್ರೋಲ್ ಟವರು ಬೇರೆ ಹೇಳಿದರೂ ಪೈಲಟ್ ಪೆಟ್ಟಿಗೆಯ ಮಾತನ್ನೇ ಕೇಳಬೇಕು. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ ಪೆಟ್ಟಿಗೆ ಏರು ಎಂದಿತು, ನಿಯಂತ್ರಕ ಇಳಿ ಎಂದರು. ರಷ್ಯಾದ ವಿಮಾನ ನಿಯಂತ್ರಕರ ಮಾತು ಕೇಳಿತು, ಎದುರಿನ ಸರಕು ವಿಮಾನ ಪೆಟ್ಟಿಗೆಯ ಮಾತು ಕೇಳಿ ತಾನೂ ಇಳಿಯಿತು. 71 ಜನರು ಸತ್ತರು, ಹೆಚ್ಚಿನವರು ಮಕ್ಕಳು. ಆ ರಾತ್ರಿ ಅಲ್ಲಿ ಒಬ್ಬರೇ ನಿಯಂತ್ರಕರು ಎರಡು ಪರದೆ ನೋಡಿಕೊಳ್ಳುತ್ತಿದ್ದರು. ಯಾರು ಯಾರ ಮಾತು ಕೇಳಬೇಕು ಎನ್ನುವ ಗೊಂದಲಕ್ಕೆ ಅದರ ನಂತರವೇ ಜಗತ್ತಿನಾದ್ಯಂತ ತೆರೆ ಬಿತ್ತು. ನೀವು ಪ್ರಯಾಣಿಕರಾಗಿದ್ದಾಗ ಸಮವಾಗಿ ಹೋಗುತ್ತಿದ್ದ ವಿಮಾನ ಇದ್ದಕ್ಕಿದ್ದಂತೆ ಮೇಲೇರಿದರೆ ಅಥವಾ ಇಳಿದರೆ ಇದೂ ಒಂದು ಕಾರಣವಿರಬಹುದು. ಅದಕ್ಕೇ ಕೂತಿರುವಷ್ಟು ಹೊತ್ತೂ ಬೆಲ್ಟು ಹಾಕಿಕೊಂಡಿರಿ ಎನ್ನುತ್ತೇನೆ.

ಇನ್ನು ನನ್ನ ಪಟ್ಟಿಯ ಕಥೆ. ನೆಲೆಯ ಹೆಸರು ಬೇಡ. ಮಧ್ಯಾಹ್ನದ ಹೊತ್ತು, 6,000 ಅಡಿಯಲ್ಲಿ ಒಂದು ವಿಮಾನ ಸುತ್ತು ಹಾಕುತ್ತ ಕಾಯುತ್ತಿತ್ತು. ಇನ್ನೊಂದಕ್ಕೆ ನಮ್ಮ ಅಧಿಕಾರಿ 7,000ಕ್ಕೆ ಇಳಿ ಎಂದರು. ಆ ಕಡೆಯಿಂದ 6,000 ಅಂತ ತಿರುಗಿ ಬಂತು. ಅಷ್ಟರಲ್ಲಿ ಟೆಲಿಫೋನು ಬಾರಿಸಿ ಅಧಿಕಾರಿ ಅದನ್ನು ಎತ್ತಿಕೊಂಡರು. ನನ್ನ ಕಿವಿಗೆ ಆರು ಎಂದೇ ಬಿದ್ದಿತ್ತು, ಆದರೆ ಕೈ ಪಟ್ಟಿಯ ಮೇಲೆ ಏಳು ಬರೆಯಿತು. ಬರಬೇಕಾದದ್ದು ಏಳು ಅಂತ ಮನಸ್ಸು ಮೊದಲೇ ನಿಶ್ಚಯಿಸಿಬಿಟ್ಟಿತ್ತು. ಪೆನ್ಸಿಲು ಎತ್ತಿದ ಮೇಲೆ ನಾಲ್ಕೈದು ಸೆಕೆಂಡು, ಏನೋ ಸರಿಯಿಲ್ಲ ಎನ್ನಿಸುತ್ತಲೇ ಇತ್ತು. ಆಮೇಲೆ ಅಧಿಕಾರಿಯ ಮೊಣಕೈ ಹಿಡಿದು ಜಗ್ಗಿದೆ. ಅವರು ಫೋನು ಬಿಟ್ಟು ಮೈಕು ಹಿಡಿದರು. ಇಳಿಯುತ್ತಿದ್ದವರು 6,400ರಲ್ಲಿ ತಡೆದು ನಿಂತರು, ನಡುವೆ ಉಳಿದದ್ದು 400 ಅಡಿ. ಆ ಪಟ್ಟಿಯ ಮೇಲೆ ನಾನು ಬರೆದ ಏಳನ್ನು ಹೊಡೆದುಹಾಕಿ ಅಧಿಕಾರಿ ಪಕ್ಕದಲ್ಲಿ ವೇಳೆ ಬರೆದು ಸಹಿ ಮಾಡಿದರು. ಬೈಯಲಿಲ್ಲ. ಮರುದಿನದಿಂದ ನಾನು ಕೇಳಿದ್ದನ್ನು ಬರೆಯುವ ಮೊದಲು ತುಟಿಯಲ್ಲಿ ಒಮ್ಮೆ ಅಂದುಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಅದನ್ನೇ ನೀವೂ ಮನೆಯಲ್ಲಿ ಅಭ್ಯಾಸ ಮಾಡಬಹುದು. ನಿಯಂತ್ರಣದ ಕೆಲಸಕ್ಕೆ ಸೇರಬೇಕೆನ್ನುವ ಮಕ್ಕಳಂತೂ ಮಾಡಲೇಬೇಕು. ಅಂಕಿಗಳನ್ನು ಕೂಡಿಸಿ ಹೇಳದೆ ಬಿಡಿಬಿಡಿಯಾಗಿ ಹೇಳಿ: ಮುನ್ನೂರ ಐವತ್ತು ಅನ್ನದೆ ಮೂರು, ಐದು, ಸೊನ್ನೆ. ಕೇಳಿದವರು ಅದೇ ಅಂಕಿಗಳನ್ನು ತಿರುಗಿ ಹೇಳಬೇಕು. ಹೇಳಿದವರು ಆ ತಿರುಗಿ ಬಂದ ಮಾತನ್ನು ಮೊದಲ ಸಲ ಕೇಳಿದಷ್ಟೇ ಗಮನವಿಟ್ಟು ಕೇಳಬೇಕು. ಈ ಎರಡನೆಯ ಕೇಳುವಿಕೆಯೇ ಕಷ್ಟದ್ದು. "ಹೂಂ" ಎಂಬ ಉತ್ತರವನ್ನು ಒಪ್ಪಬೇಡಿ. ಹೂಂ ಎಂದರೆ ದನಿ ಕೇಳಿಸಿತು ಎಂದಷ್ಟೇ, ಅಂಕಿ ಮುಟ್ಟಿತು ಎಂದಲ್ಲ. ರೇಡಿಯೊದಲ್ಲಿ ಫೈವ್ ಅನ್ನು ಫೈಫ್, ನೈನ್ ಅನ್ನು ನೈನರ್ ಎನ್ನುವುದೂ ಒಂದು ಇನ್ನೊಂದಾಗಿ ಕೇಳಿಸಬಾರದು ಅಂತಲೇ. 1989ರಲ್ಲಿ ಕೌಲಾಲಂಪುರದ ಹತ್ತಿರ ಒಂದು ಸರಕು ವಿಮಾನಕ್ಕೆ ಎರಡು–ನಾಲ್ಕು–ಸೊನ್ನೆ–ಸೊನ್ನೆ ಎಂದದ್ದರಲ್ಲಿ ಎರಡು ಎನ್ನುವ "ಟೂ", "ಕ್ಕೆ" ಎನ್ನುವ "ಟು" ಆಗಿ ಕೇಳಿಸಿತು. 2,400 ಅಡಿಯ ಬದಲು 400 ಅಡಿಗೆ ಇಳಿಯಹೋಗಿ ಗುಡ್ಡಕ್ಕೆ ಬಡಿಯಿತು. ನಾನೀಗ ನನ್ನ ತಮ್ಮನಿಗೆ ನೀರಿನ ಪಾಳಿ ಹೇಳುವಾಗಲೂ ಹೀಗೇ ಮಾಡುತ್ತೇನೆ. "ಎರಡಕ್ಕ ತೂಬು ತೆಗಿ, ಐದಕ್ಕ ಮುಚ್ಚು." ಅವನು "ಎರಡಕ್ಕ ತೆಗೀತೀನಿ, ಐದಕ್ಕ ಮುಚ್ತೀನಿ" ಅನ್ನುವವರೆಗೆ ನಾನು ಫೋನು ಇಡುವುದಿಲ್ಲ.

ಹೇಳದೆ ಉಳಿದ ಮಾತೂ ಅಷ್ಟೇ ಕೆಟ್ಟದ್ದು. 2022ರ ಜನವರಿ 7ರಂದು ಬೆಂಗಳೂರಿನಲ್ಲಿ ಒಂದು ರನ್‌ವೇ ನಿಲ್ಲಿಸಿದ ಮಾತನ್ನು ಅದರ ನಿಯಂತ್ರಕರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿನ ಅಕ್ಕಪಕ್ಕದ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಹೆಚ್ಚೂಕಡಿಮೆ ಒಟ್ಟಿಗೇ ಎದ್ದು ಒಂದರತ್ತ ಒಂದು ಸಾಗಿದವು. ರಾಡಾರ್ ಮುಂದೆ ಕೂತಿದ್ದ ನಿಯಂತ್ರಕರು ಕಂಡ ಕೂಡಲೇ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ನೂರಾರು ಜನ ಮನೆ ಸೇರಿದರು.

ಪೈಲಟ್‌ಗಳ ಒಂದು ಪಾಠ ರಸ್ತೆಯಲ್ಲೂ ಉಪಯೋಗಕ್ಕೆ ಬರುತ್ತದೆ. ಗಾಜಿನಲ್ಲಿ ಕದಲುವ ಚುಕ್ಕಿಗೆ ಹೆದರಬೇಕಿಲ್ಲ. ಗಾಜಿನ ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುತ್ತ ಹೋಗುವ ಚುಕ್ಕಿ ನಿಮಗೇ ಬಡಿಯಲು ಬರುತ್ತಿದೆ. ಕಾಲುವೆ ದಂಡೆಯ ದಾರಿ ಡಾಂಬರು ರಸ್ತೆಯನ್ನು ಕೂಡುವ ಕಡೆ ಬೈಕಿನಲ್ಲಿ ಹೋಗುವಾಗ ನೋಡಿ: ಅಡ್ಡದಾರಿಯ ಟ್ರ್ಯಾಕ್ಟರು ನಿಮ್ಮ ಕನ್ನಡಿಯ ಕಡ್ಡಿಯಿಂದ ಹಿಂದಕ್ಕೆ ಜಾರುತ್ತಿದ್ದರೆ ನೀವು ಮೊದಲು ದಾಟುತ್ತೀರಿ. ಮುಂದಕ್ಕೆ ಜಾರುತ್ತಿದ್ದರೆ ಅದು ಮೊದಲು ದಾಟುತ್ತದೆ. ಕಡ್ಡಿಗೆ ಅಂಟಿಕೊಂಡೇ ಇದ್ದರೆ ಬ್ರೇಕು ಹಿಡಿಯಿರಿ. ಕಾರಿನಲ್ಲಿ ಮುಂಗಾಜಿನ ಪಕ್ಕದ ಕಂಬ ಅಂಥ ವಾಹನವನ್ನು ಪೂರ್ತಿ ಮುಚ್ಚಿಡಬಲ್ಲದು. ಅದಕ್ಕೇ ತಲೆಯನ್ನು ಆಚೆ ಈಚೆ ಮಾಡಿ ನೋಡಬೇಕು.

ನಮ್ಮಲ್ಲಿ ಈಗ ಭತ್ತಕ್ಕೆ ಡ್ರೋನಿನಿಂದ ಔಷಧ ಹೊಡೆಯುತ್ತಾರೆ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣದ ಸುತ್ತಲಿನವರು ಹಾರಿಸುವ ಮೊದಲು ಡ್ರೋನುಗಳಿಗೆಂದು ಸರ್ಕಾರ ಮಾಡಿದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ತಮ್ಮ ಹೊಲ ಯಾವ ಬಣ್ಣದಲ್ಲಿದೆ ನೋಡಿಕೊಳ್ಳಿ. ಹಸಿರಿನಲ್ಲಿ ಮಾತ್ರ ಮುಂಚಿತ ಅನುಮತಿ ಬೇಡ, ಅಲ್ಲೂ 400 ಅಡಿಯೊಳಗೆ. ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರಿನ ನಡುವೆ ಆ ಮಿತಿ 200 ಅಡಿ.

ಕೊನೆಗೆ ಒಂದು ನೋಟ್‌ಬುಕ್ ಇಡಿ. ವೇಳೆ, ಎರಡರ ದಿಕ್ಕು, ನೆತ್ತಿಯಿಂದ ಎಷ್ಟು ಮುಷ್ಟಿ, ನಡುವೆ ಎಷ್ಟು ಬೆರಳು, ಆಮೇಲೆ ಆ್ಯಪ್‌ನಲ್ಲಿ ಓದಿದ ಎತ್ತರ. ಊಹೆಯನ್ನು ಮೊದಲು ಬರೆಯಿರಿ, ಆ್ಯಪ್ ಆಮೇಲೆ ತೆರೆಯಿರಿ. ನಮ್ಮ ಹುಡುಗನ ನೋಟ್‌ಬುಕ್ಕಿನ ಮೊದಲ ಸಾಲು ಆ ದಿನದ ವಿಡಿಯೊದ್ದೇ. ಆ್ಯಪ್‌ನಲ್ಲಿ ಹಿಂದಿನ ದಿನಗಳ ಹಾರಾಟವನ್ನು ಮತ್ತೆ ಓಡಿಸಿ ನೋಡಬಹುದು, ಹಾಗೆ ಹುಡುಕಿ ಬರೆದ: "ಸಂಜೆ 5.52. ಒಂದು ವಾಯವ್ಯಕ್ಕೆ, 36,000. ಒಂದು ಈಶಾನ್ಯಕ್ಕೆ, 35,000. ನಡುವೆ 1,000 ಅಡಿ." ಅದರ ಫೋಟೊ ತೆಗೆದು, ಓಣಿಯ ಗುಂಪಿನಲ್ಲಿ ತನ್ನ ವಿಡಿಯೊದ ಕೆಳಗೇ ಹಾಕಿದ.